ಕಲಿಯುತ್ತ ಕಲಿಸುವವರು

ಉಡುಪಿಯಿಂದ ಪೂರ್ವಕ್ಕೆ ಸುಮಾರು ಐದು ಕಿಲೋಮೀಟರು ದೂರದಲ್ಲಿ ಮುರಕಲ್ಲಿನ ಗುಡ್ಡವೊಂದಿದೆ. ಮಣ್ಣಪಳ್ಳ ಎಂಬ ಕೆರೆಯಿಂದ ಆ ಸ್ಥಳಕ್ಕೆ ಮಣಿಪಾಲವೆಂಬ ಹೆಸರು ಬಂದಿತು. ಬೋಳಾಗಿದ್ದ ಆ ಗುಡ್ಡದ ಮೇಲೆ ಡಾಕ್ಟರ್ ಟಿ. ಎಂ. ಎ. ಪೈ ಅವರು 1953ರಲ್ಲಿ ಕಸ್ತೂರ್ಬಾ ವೈದ್ಯಕೀಯ ಕಾಲೇಜನ್ನು ಸ್ಥಾಪಿಸಿದರು. 1957ರಲ್ಲಿ ಎಂಜಿನಿಯರಿಂಗ್ ಕಾಲೇಜು ಆರಂಭವಾಯಿತು. 1993ರಲ್ಲಿ ವೈದ್ಯಕೀಯ ಕಾಲೇಜು ಮೊದಲಾದ ಸಂಸ್ಥೆಗಳಿಗೆ ಪರಿಗಣಿತ ವಿಶ್ವವಿದ್ಯಾಲಯದ ಸ್ಥಾನ ದೊರೆಯಿತು. ಕಾರ್ಕಳ ತಾಲ್ಲೂಕಿನ ನಿಟ್ಟೆಯಲ್ಲಿಯೂ 1986ರಲ್ಲಿ ತಾಂತ್ರಿಕ ಕಾಲೇಜೊಂದು ಹುಟ್ಟಿತು. ಹೀಗೆ ಕೆಲವೇ ದಶಕಗಳಲ್ಲಿ ಈ ಕರಾವಳಿಯು ವಿದ್ಯಾಕೇಂದ್ರವಾಗಿ ಬೆಳೆಯಿತು.

ವಿಶ್ವವಿದ್ಯಾಲಯವೆಂದೊಡನೆ ಪ್ರಾಧ್ಯಾಪಕರೂ ವಿದ್ಯಾರ್ಥಿಗಳೂ ಕಣ್ಣ ಮುಂದೆ ಬರುತ್ತಾರೆ. ಇವರ ನಡುವೆ ಮೂರನೆಯ ವರ್ಗವೊಂದುಂಟು. ಪದವಿ ಮುಗಿಸಿ ಎಂ.ಟೆಕ್., ಎಂ.ಡಿ. ಅಥವಾ ಪಿಎಚ್.ಡಿ. ವ್ಯಾಸಂಗ ಮಾಡುತ್ತಲೇ ಕಿರಿಯ ತರಗತಿಗಳವರಿಗೆ ಕಲಿಸುವ ತರುಣ ತರುಣಿಯರು ಈ ವರ್ಗಕ್ಕೆ ಸೇರಿದವರು. ಬೆಳಿಗ್ಗೆ ಶಿಷ್ಯರಾಗಿ ಕುಳಿತವರೇ ಮಧ್ಯಾಹ್ನ ಗುರುಗಳಾಗಿ ನಿಲ್ಲುತ್ತಾರೆ. ಇವರಿಗೆ ಬೋಧನ ಸಹಾಯಕರೆಂದು ಹೆಸರು.

ಇದು ಪರದೇಶದಿಂದ ಬಂದ ಪದ್ಧತಿಯೆಂದು ಭಾವಿಸುವವರುಂಟು. ಆದರೆ ಹಿರಿಯ ವಿದ್ಯಾರ್ಥಿ ಕಿರಿಯನಿಗೆ ಪಾಠ ಹೇಳಿಕೊಡುವುದು ನಮ್ಮ ಹಳೆಯ ಜಗಲಿ ಶಾಲೆಗಳಿಗೆ ಹೊಸದಾಗಿರಲಿಲ್ಲ. ಮದ್ರಾಸಿನ ಅನಾಥಾಲಯದ ಶಾಲೆಯ ಮೇಲ್ವಿಚಾರಕನಾಗಿದ್ದ ಆಂಡ್ರೂ ಬೆಲ್ ಎಂಬಾತನು, ಮಕ್ಕಳು ಮರಳಿನ ಮೇಲೆ ಅಕ್ಷರ ತಿದ್ದುವುದನ್ನು ಇಲ್ಲಿಯ ಶಾಲೆಯೊಂದರಲ್ಲಿ ಕಂಡು ತನ್ನ ಶಾಲೆಯಲ್ಲಿಯೂ ಅದನ್ನು ಬಳಕೆಗೆ ತಂದನು. ಬಲ್ಲ ಹುಡುಗರು ಬಾರದವರಿಗೆ ಕಲಿಸುವ ಏರ್ಪಾಡನ್ನೂ ಮಾಡಿದನು. 1797ರಲ್ಲಿ ಅವನು ಈ ಕುರಿತು ಪುಸ್ತಕ ಪ್ರಕಟಿಸಿದ ಮೇಲೆ ಇಂಗ್ಲೆಂಡಿನಲ್ಲಿ ಇದು ಮದ್ರಾಸ್ ಪದ್ಧತಿಯೆಂದೇ ಪ್ರಸಿದ್ಧವಾಯಿತು. ಖರ್ಚು ಕಡಿಮೆಯೆಂಬುದೂ ಆ ಪ್ರಸಿದ್ಧಿಗೆ ಒಂದು ಕಾರಣವೆನ್ನದೆ ವಿಧಿಯಿಲ್ಲ.

ಬೋಧನ ಸಹಾಯಕನ ಕೆಲಸವು ಎಲ್ಲಕ್ಕಿಂತ ಸ್ಪಷ್ಟವಾಗಿ ಕಾಣುವುದು ಪ್ರಯೋಗಾಲಯದಲ್ಲಿ. ಕಾಪುವಿನ ಕಡೆಯ ಹಳ್ಳಿಯಿಂದಲೋ ಕಾರ್ಕಳದ ಒಳನಾಡಿನಿಂದಲೋ ಬಂದ ವಿದ್ಯಾರ್ಥಿಯೊಬ್ಬನನ್ನು ಊಹಿಸಿಕೊಳ್ಳಬಹುದು. ಹತ್ತನೆಯ ತರಗತಿಯವರೆಗೆ ಅವನು ಕನ್ನಡದಲ್ಲಿ ಓದಿದವನು. ಎಂಜಿನಿಯರಿಂಗ್ ಕಾಲೇಜಿನ ದೊಡ್ಡ ತರಗತಿಯಲ್ಲಿ ಎದ್ದು ನಿಂತು ಇಂಗ್ಲಿಷಿನಲ್ಲಿ ಪ್ರಶ್ನೆ ಕೇಳಲು ಅವನಿಗೆ ನಾಲಗೆ ಏಳದು. ಪ್ರಯೋಗಾಲಯದಲ್ಲಿ ಅವನು ಆಮ್ಲವಿರುವ ಪಾತ್ರೆಗೆ ಬ್ಯೂರೆಟ್ಟಿನಿಂದ ಪ್ರತ್ಯಾಮ್ಲವನ್ನು ಹನಿಹನಿಯಾಗಿ ಬಿಡುತ್ತಿದ್ದಾನೆ. ತಿಳಿ ಗುಲಾಬಿ ಬಣ್ಣ ಮೂಡಿ ನಿಂತಾಗ ನಿಲ್ಲಿಸಬೇಕಾಗಿದ್ದಿತು. ನಲ್ಲಿ ತಿರುಗಿಸುವುದರಲ್ಲಿ ತಡವಾಗಿ ಬಣ್ಣ ಕಡುಗೆಂಪಾಯಿತು. ಪಕ್ಕದವನ ಪುಸ್ತಕದಲ್ಲಿ ಸರಿಯಾದ ಅಂಕಿಯಿದೆ. ಅದನ್ನು ನಕಲು ಮಾಡಿದರೆ ಕೆಲಸ ಮುಗಿಯಿತು!

ಸಹಾಯಕನು ಬಂದು ನಿಲ್ಲುವುದು ಈ ಘಳಿಗೆಯಲ್ಲಿ. ಅವನು ತಾನೇ ಬ್ಯೂರೆಟ್ಟನ್ನು ಹಿಡಿದು ಪ್ರಯೋಗ ಮಾಡಿಕೊಟ್ಟರೆ ವಿದ್ಯಾರ್ಥಿ ಏನನ್ನೂ ಕಲಿಯಲಾರನು. ಗದರಿಸಿದರೆ ಮುಂದಿನ ವಾರ ನಕಲು ಮಾಡುವುದನ್ನು ಕಲಿಯುತ್ತಾನೆ. ಎಲ್ಲಿ ತಪ್ಪಿತೆಂದು ಕೇಳಿ, ಮತ್ತೊಮ್ಮೆ ಮಾಡಿಸಿ, ದ್ರವದ ಮಟ್ಟವನ್ನು ಕಣ್ಣಿನ ನೇರಕ್ಕೆ ಹಿಡಿದು ಓದುವ ಕ್ರಮವನ್ನು ಕನ್ನಡದಲ್ಲಿಯೋ ತುಳುವಿನಲ್ಲಿಯೋ ತಿಳಿಸುವುದು ಅವನ ಕೆಲಸ. ನಾಲ್ಕೈದು ವರ್ಷಗಳ ಹಿಂದೆ ತಾನೂ ಹೀಗೆಯೇ ತಡವರಿಸಿದ ನೆನಪು ಅವನಿಗೆ ಇನ್ನೂ ಮಾಸಿರುವುದಿಲ್ಲ. ಹಲವು ವರ್ಷ ಪಾಠ ಹೇಳಿದ ಪ್ರಾಧ್ಯಾಪಕರಿಗೆ ಎಷ್ಟೋ ವೇಳೆ ಕಾಣದ ತೊಡಕು ಅವನಿಗೆ ಕಾಣುವುದು ಇದರಿಂದಲೇ. ಪ್ರಯೋಗಾಲಯದ ಸುರಕ್ಷತೆಯಲ್ಲಿಯೂ ಅವನಿಗೆ ಪಾಲಿದೆ. ತೀಕ್ಷ್ಣವಾದ ಗಂಧಕಾಮ್ಲವನ್ನು ನೀರಿಗೆ ನಿಧಾನವಾಗಿ ಸೇರಿಸಬೇಕು; ನೀರನ್ನೇ ಆಮ್ಲಕ್ಕೆ ಸುರಿದರೆ ಒಮ್ಮೆಲೇ ಶಾಖ ಹುಟ್ಟಿ ಆಮ್ಲವು ಮುಖಕ್ಕೆ ಸಿಡಿಯಬಹುದು.

ವೈದ್ಯಕೀಯ ಕಾಲೇಜಿನಲ್ಲಿ ಈ ಹೊಣೆ ಇನ್ನೂ ಗುರುತರವಾದುದು. ಎಂ.ಡಿ., ಎಂ.ಎಸ್. ಓದುವವರು ಎಂ.ಬಿ.ಬಿ.ಎಸ್. ವಿದ್ಯಾರ್ಥಿಗಳ ಬೋಧನೆಯಲ್ಲಿ ಪಾಲ್ಗೊಳ್ಳಬೇಕೆಂದು ನಿಯಮವೇ ಇದೆ. ಶವಚ್ಛೇದನದ ಮೇಜಿನ ಬಳಿ ನರವೊಂದನ್ನು ರಕ್ತನಾಳವೆಂದು ತಪ್ಪಾಗಿ ತೋರಿಸಿದರೆ ಆ ತಪ್ಪು ಮುಂದೊಂದು ದಿನ ರೋಗಿಯ ಹಾಸಿಗೆಯವರೆಗೂ ಹೋಗಬಹುದು. ಆದುದರಿಂದ, ತಿಳಿಯದಿದ್ದಾಗ ತಿಳಿಯದೆಂದು ಒಪ್ಪಿ, ಪ್ರಾಧ್ಯಾಪಕರನ್ನು ಕೇಳಿ ಬಂದು ಹೇಳುವುದು ಇಲ್ಲಿ ಕರ್ತವ್ಯದ ಭಾಗ. ತನಗಿಂತ ಕೆಲವೇ ವರ್ಷ ಕಿರಿಯರಾದವರ ಮುಂದೆ ಹಾಗೆ ಒಪ್ಪಿಕೊಳ್ಳುವುದು ಸುಲಭವಲ್ಲ.

ಅಂಕ ನೀಡುವ ಕಾರ್ಯ ಮತ್ತೊಂದು. ಉತ್ತರಗಳನ್ನು ತಿದ್ದುವುದು, ಪ್ರಯೋಗದ ದಾಖಲೆ ಪುಸ್ತಕಗಳನ್ನು ಪರಿಶೀಲಿಸುವುದು ಸಹಾಯಕರ ಪಾಲಿಗೆ ಬರುತ್ತದೆ. ವಿದ್ಯಾರ್ಥಿಗಳಲ್ಲಿ ಊರಿನವನಿರಬಹುದು, ಸಂಜೆ ಜೊತೆಗೆ ಆಡುವವನಿರಬಹುದು. ಎಲ್ಲರಿಗೂ ಒಂದೇ ಅಳತೆಗೋಲನ್ನು ಹಿಡಿಯದಿದ್ದರೆ ಅನ್ಯಾಯವಾಗುವುದು ಪರಿಚಯವಿಲ್ಲದವನಿಗೆ.

ಇಷ್ಟೆಲ್ಲ ಮಾಡುವವನು ಸ್ವತಃ ವಿದ್ಯಾರ್ಥಿಯೆಂಬುದನ್ನು ಸಂಸ್ಥೆಗಳು ಮರೆಯುವಂತಿಲ್ಲ. ಪಿಎಚ್.ಡಿ. ವಿದ್ಯಾರ್ಥಿಗಳಿಗೆ ವಾರಕ್ಕೆ 4ರಿಂದ 6 ಗಂಟೆಗಳ ಬೋಧನ ಅಥವಾ ಸಂಶೋಧನ ಸಹಾಯದ ಕೆಲಸ ಕೊಡಬಹುದೆಂದು ವಿಶ್ವವಿದ್ಯಾಲಯ ಧನಸಹಾಯ ಆಯೋಗವು 2022ರ ನಿಯಮಗಳಲ್ಲಿ ತಿಳಿಸಿದೆ. ಹೊರೆ ಹೆಚ್ಚಿ ವೇತನ ಸಾಲದಾದಾಗ ಏನಾಗುತ್ತದೆಂಬುದು ಅದೇ ವರ್ಷ ಅಮೆರಿಕದಲ್ಲಿ ಕಂಡುಬಂದಿತು. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬೋಧನ ಸಹಾಯಕರೂ ಸಂಶೋಧಕರೂ ಸೇರಿ ಸುಮಾರು 48,000 ಮಂದಿ ನವೆಂಬರಿನಲ್ಲಿ ಮುಷ್ಕರ ಹೂಡಿದರು. ಪರೀಕ್ಷೆಯ ಕಾಲದಲ್ಲಿ ಉತ್ತರಗಳನ್ನು ತಿದ್ದುವವರಿಲ್ಲದೆ ಅಂಕಗಳು ತಡವಾದವು. ಅಷ್ಟು ದೊಡ್ಡ ವಿದ್ಯಾಲಯದ ಎಷ್ಟು ಭಾಗದ ಕೆಲಸ ಈ ತರುಣರ ಕೈಯಲ್ಲಿದೆಯೆಂಬುದು ಹೊರಗಿನವರಿಗೆ ಆಗ ತಿಳಿಯಿತು.

ಸಂಜೆ ಪ್ರಯೋಗಾಲಯದ ಬಾಗಿಲು ಮುಚ್ಚಿದ ಮೇಲೆ ಸಹಾಯಕನ ಮೇಜಿನ ಮೇಲೆ ಎರಡು ರಾಶಿಗಳಿರುತ್ತವೆ. ಒಂದು, ಕಿರಿಯರ ದಾಖಲೆ ಪುಸ್ತಕಗಳದು. ಇನ್ನೊಂದು, ಅವನ ಮಾರ್ಗದರ್ಶಕರು ಕೆಂಪು ಶಾಯಿಯಿಂದ ತಿದ್ದಿ ಮರಳಿಸಿದ ಅವನದೇ ಹಾಳೆಗಳದು.