ಲ್ಯಾಪ್‌ಟಾಪ್ ಎಸೆಯುವ ಮುನ್ನ ಹಾರ್ಡ್ ಡಿಸ್ಕ್ ಬಿಚ್ಚಿಕೊಳ್ಳಿ

ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಅಲೆದವರಿಗೆ ಸಿಂಗಪುರದ ಸಿಮ್ ಲಿಮ್ ಸ್ಕ್ವೇರ್ ಹೊಸದೆನಿಸುವುದಿಲ್ಲ. ಅಲ್ಲಿ ಗಲ್ಲಿಗಲ್ಲಿಯಲ್ಲಿ ಹುಡುಕುವ ಕಂಪ್ಯೂಟರ್ ಬಿಡಿಭಾಗಗಳು ಇಲ್ಲಿ, ರೋಚೋರ್‌ನ ಆರು ಮಹಡಿಯ ಕಟ್ಟಡವೊಂದರಲ್ಲಿ ಸಿಗುತ್ತವೆ. ನಾನು ಹೇಳಹೊರಟಿರುವುದು ಈ ಕಟ್ಟಡದಲ್ಲಿ ಸಿಗುವ ಒಂದು ಸಣ್ಣ ಸಾಮಾನಿನ ಬಗ್ಗೆ: ಹಾರ್ಡ್ ಡಿಸ್ಕ್ ಕೂರಿಸುವ ಖಾಲಿ ಡಬ್ಬಿ, ಅಂದರೆ ಎನ್‌ಕ್ಲೋಷರ್.

ಲ್ಯಾಪ್‌ಟಾಪ್ ಕೆಟ್ಟಿತು ಎಂದರೆ ಎಷ್ಟೋ ಸಲ ಕೆಟ್ಟಿರುವುದು ಪರದೆ, ಬ್ಯಾಟರಿ ಇಲ್ಲವೇ ಮದರ್‌ಬೋರ್ಡ್. ಡಿಸ್ಕ್ ಚೆನ್ನಾಗಿಯೇ ಇರುತ್ತದೆ. ಅದರಲ್ಲಿ ಊರಿನ ಮದುವೆ, ಮಗುವಿನ ನಾಮಕರಣ, ಈಗಿಲ್ಲದ ಅಜ್ಜಿಯ ದನಿ ಇರಬಹುದು. ಬಾಡಿಗೆ ಫ್ಲ್ಯಾಟ್ ಬದಲಿಸುವ ಗಡಿಬಿಡಿಯಲ್ಲಿ ಅದೂ ಹಳೆ ಯಂತ್ರದ ಜೊತೆಗೇ ಹೊರಟುಹೋಗುವುದು ನನಗೆ ನಿಜಕ್ಕೂ ಸಂಕಟದ ವಿಷಯ.

ಕೆಲಸ ಸುಲಭ. ಲ್ಯಾಪ್‌ಟಾಪಿನ ಎರಡೂವರೆ ಇಂಚಿನ ಸಾಟಾ ಡಿಸ್ಕಿಗೆ ಯುಎಸ್‌ಬಿಯ 5 ವೋಲ್ಟ್ ಸಾಮಾನ್ಯವಾಗಿ ಸಾಕು. ಡೆಸ್ಕ್‌ಟಾಪಿನ ಮೂರೂವರೆ ಇಂಚಿನದಕ್ಕೆ 12 ವೋಲ್ಟ್ ಕೂಡ ಬೇಕು. ಹಾಗಾಗಿ ಅಡಾಪ್ಟರ್ ಇರುವ ಡಬ್ಬಿಯನ್ನೇ ಕೊಳ್ಳಿ. ಡಬ್ಬಿಯೊಳಗಿನ ಪುಟ್ಟ ಸರ್ಕ್ಯೂಟ್ ಬೋರ್ಡ್ ಡಿಸ್ಕಿನ ಸಾಟಾ ಜೋಡಣೆಯನ್ನು ಯುಎಸ್‌ಬಿಗೆ ಹೊಂದಿಸುತ್ತದೆ. ಡಿಸ್ಕನ್ನು ಕನೆಕ್ಟರಿಗೆ ನೇರವಾಗಿ ಒತ್ತಿ ಸ್ಕ್ರೂ ಬಿಗಿದರೆ ಮುಗಿಯಿತು. ಡಿಸ್ಕಿನ ಮುಚ್ಚಳವನ್ನು ಮಾತ್ರ ತೆರೆಯಬೇಡಿ, ಒಳಗೆ ಧೂಳಿನ ಕಣ ಹೊಕ್ಕರೂ ಅಪಾಯ. ದೊಡ್ಡ ಡಿಸ್ಕ್ ಬೇಗ ಕಾಯುತ್ತದೆ. ಸಿಂಗಪುರದ ಸೆಕೆಯಲ್ಲಿ ನನ್ನ ಆಯ್ಕೆ ಪ್ಲಾಸ್ಟಿಕ್ಕಿಗಿಂತ ಅಲ್ಯೂಮಿನಿಯಂ ಡಬ್ಬಿ, ಸಾಧ್ಯವಾದರೆ ಫ್ಯಾನ್ ಇರುವಂಥದ್ದು.

ಹೊಸ ಲ್ಯಾಪ್‌ಟಾಪುಗಳಲ್ಲಿ ಇರುವುದು ಚ್ಯೂಯಿಂಗ್ ಗಮ್ ಪಟ್ಟಿಯಂಥ ಎಂ.2 ಎಸ್‌ಎಸ್‌ಡಿ. ಅದರಲ್ಲೂ ಸಾಟಾ, ಎನ್‌ವಿಎಂಇ ಎಂಬ ಎರಡು ಬಗೆ. ಒಂದರ ಡಬ್ಬಿ ಇನ್ನೊಂದಕ್ಕೆ ಆಗದಿರಬಹುದು, ಬಿಚ್ಚಿದ್ದನ್ನು ಅಂಗಡಿಗೇ ಒಯ್ಯಿರಿ. ಕೆಲವು ತೆಳು ಮಾದರಿಗಳಲ್ಲಿ ಎಸ್‌ಎಸ್‌ಡಿಯನ್ನು ಮದರ್‌ಬೋರ್ಡಿಗೇ ಬೆಸೆದಿರುತ್ತಾರೆ, ಅಲ್ಲಿ ಈ ದಾರಿಯಿಲ್ಲ. ಡಿಸ್ಕಿಗೆ ವಿಂಡೋಸ್‌ನ ಬಿಟ್‌ಲಾಕರ್ ಬೀಗ ಹಾಕಿದ್ದರೆ ರಿಕವರಿ ಕೀ ಮೊದಲು ಹುಡುಕಿಟ್ಟುಕೊಳ್ಳಿ.

ಸಿಂಗಪುರಕ್ಕೂ ಹಾರ್ಡ್ ಡಿಸ್ಕಿಗೂ ಹಳೆಯ ನಂಟು. ಸೀಗೇಟ್ ಕಂಪನಿ 1982ರಲ್ಲಿ ಇಲ್ಲಿಗೆ ಬಂತು, ಬೇರೆ ಕಂಪನಿಗಳೂ ಹಿಂಬಾಲಿಸಿದವು. ಮುಂದೆ ಜಗತ್ತಿನಲ್ಲೇ ಅತಿ ಹೆಚ್ಚು ಡಿಸ್ಕ್ ಜೋಡಿಸುವ ನಾಡೆಂದು ಇದು ಹೆಸರಾಯಿತು. ನಿಮ್ಮ ಹಳೆ ಕಂಪ್ಯೂಟರಿನ ಡಿಸ್ಕಿನ ಮೇಲೂ ‘ಪ್ರಾಡಕ್ಟ್ ಆಫ್ ಸಿಂಗಪುರ್’ ಎಂಬ ಚೀಟಿ ಇದ್ದೀತು, ನೋಡಿ.

ಡಬ್ಬಿಗೆ ಹಾಕಿದ ಮಾತ್ರಕ್ಕೆ ಹಳೆ ಡಿಸ್ಕ್ ಚಿರಾಯುವಾಗುವುದಿಲ್ಲ. ಕಟಕಟ ಸದ್ದು ಬಂದರೆ ತಕ್ಷಣ ನಿಲ್ಲಿಸಿ, ಡೇಟಾ ರಿಕವರಿ ಬಲ್ಲವರಲ್ಲಿ ಒಯ್ಯಿರಿ. ಸದ್ದಿಲ್ಲದೆ ತೆರೆದುಕೊಂಡರೆ ಮೊದಲ ದಿನವೇ ಎಲ್ಲವನ್ನೂ ಇನ್ನೊಂದು ಡಿಸ್ಕಿಗೆ ನಕಲು ಮಾಡಿ. ಮುಂದಿನ ಸಲ ಊರಿಗೆ ಹೋಗುವಾಗ ಒಂದು ಪ್ರತಿಯನ್ನು ಅಲ್ಲಿಯ ಮನೆಯಲ್ಲೂ ಇಟ್ಟು ಬನ್ನಿ.