ಮನೆಯ ಗಾಳಿಗೆ ಮನೆಯಲ್ಲಿಯೇ ಪರಿಮಳ

ಮನೆಗೆ ಬಂದ ಅತಿಥಿಯ ಕಣ್ಣಿಗಿಂತ ಮೊದಲೇ ಅವನ ಮೂಗಿಗೆ ಆ ಮನೆಯ ಪರಿಚಯವಾಗುತ್ತದೆ. ಮನೆಯವರಿಗಾದರೋ ಆ ವಾಸನೆ ಗೊತ್ತೇ ಆಗುವುದಿಲ್ಲ. ಒಂದೇ ವಾಸನೆಯ ನಡುವೆ ಕೆಲವು ನಿಮಿಷ ಇದ್ದರೆ ಮೂಗು ಅದನ್ನು ಲಕ್ಷಿಸುವುದನ್ನು ಬಿಡುತ್ತದೆ. ನೆಂಟರು ಬರುವ ದಿನ ಅಂಗಡಿಯಿಂದ ಸುವಾಸನೆಯ ತುಂತುರು ಡಬ್ಬಿಯನ್ನು ತರುವ ವಾಡಿಕೆ ಪಟ್ಟಣಗಳಲ್ಲಿ ಬೆಳೆದಿರುವುದಷ್ಟೆ. ಸಸ್ಯಗಳಿಂದ ಇಳಿಸಿದ ಗಂಧತೈಲಗಳಿಂದ ಈ ಕೆಲಸವನ್ನು ಮನೆಯಲ್ಲಿಯೇ ಮಾಡಿಕೊಳ್ಳುವುದು ಹೇಗೆ, ಅದರಲ್ಲಿ ವಹಿಸತಕ್ಕ ಎಚ್ಚರ ಯಾವುದು ಎಂಬುದು ಈ ದಿನದ ವಿಷಯ.

ಮೊದಲು ತಿಳಿಯಬೇಕಾದ ಮಾತೊಂದುಂಟು. ಪರಿಮಳವು ದುರ್ವಾಸನೆಯನ್ನು ಮರೆಮಾಡುತ್ತದೆಯೇ ಹೊರತು ತೊಲಗಿಸಲಾರದು. ಮೈಸೂರಿನ ಹೆಬ್ಬಾಳದ ಕೆರೆಯನ್ನೇ ನೋಡಿರಿ. ಸುತ್ತಲ ಬಡಾವಣೆಗಳ ಕೊಳಚೆನೀರು ವರುಷಗಟ್ಟಲೆ ಅದಕ್ಕೆ ಬಂದು ಸೇರುತ್ತಿತ್ತು. 2010ರ ದಶಕದ ಕೊನೆಯ ವರುಷಗಳಲ್ಲಿ ಇನ್ಫೋಸಿಸ್ ಪ್ರತಿಷ್ಠಾನದ ನೆರವಿನಿಂದ ಅದರ ಜೀರ್ಣೋದ್ಧಾರವನ್ನು ಕೈಗೊಂಡಾಗ, ಹೂಳನ್ನು ತೆಗೆಯುವುದರ ಜೊತೆಗೆ ಕೊಳಚೆಯನ್ನು ಶುದ್ಧಿಮಾಡುವ ಏರ್ಪಾಡೂ ಆಗಬೇಕಾಯಿತು. ಕೆರೆಗೆ ಅನ್ವಯಿಸುವ ನ್ಯಾಯವೇ ಕೋಣೆಗೂ ಅನ್ವಯಿಸುತ್ತದೆ. ಒದ್ದೆಯ ಗೋಡೆ, ಕಟ್ಟಿಕೊಂಡ ಬಚ್ಚಲು, ಮುಚ್ಚಿಟ್ಟ ಕಸದ ಬುಟ್ಟಿ ಇವುಗಳನ್ನು ಮೊದಲು ನೋಡಿ, ಎದುರುಬದುರು ಕಿಟಕಿಗಳನ್ನು ಸ್ವಲ್ಪ ಹೊತ್ತು ತೆರೆದಿಟ್ಟ ಮೇಲೆ ಪರಿಮಳದ ಮಾತು.

ಗಂಧತೈಲಗಳ ಶಾಸ್ತ್ರಕ್ಕೂ ಮೈಸೂರಿಗೂ ಹಳೆಯ ನಂಟು. ಮೈಸೂರು ಸಂಸ್ಥಾನದ ಶ್ರೀಗಂಧದ ಮರ ಹಿಂದೆ ಹೆಚ್ಚಾಗಿ ಹೊರದೇಶಗಳಿಗೆ ಹೋಗಿ ಅಲ್ಲಿ ಎಣ್ಣೆಯಾಗುತ್ತಿತ್ತು. 1914ರಲ್ಲಿ ಯುದ್ಧ ಆರಂಭವಾಗಿ ಜರ್ಮನಿಯ ವ್ಯಾಪಾರ ನಿಂತುಹೋದಾಗ ಮರ ಇಲ್ಲಿಯೇ ಉಳಿಯಿತು. ಆಗ ನಾಲ್ವಡಿ ಕೃಷ್ಣರಾಜ ಒಡೆಯರ ಸರ್ಕಾರವು 1916ರಲ್ಲಿ ಬೆಂಗಳೂರಿನಲ್ಲಿಯೂ 1917ರಲ್ಲಿ ಮೈಸೂರಿನಲ್ಲಿಯೂ ಗಂಧದೆಣ್ಣೆಯ ಕಾರ್ಖಾನೆಗಳನ್ನು ಸ್ಥಾಪಿಸಿತು. ಮರದ ಚೇಗನ್ನು ಪುಡಿಮಾಡಿ ಅದರೊಳಕ್ಕೆ ನೀರಿನ ಆವಿಯನ್ನು ಹಾಯಿಸಿದರೆ, ಎಣ್ಣೆಯು ಆವಿಯೊಡನೆ ಹೊರಟು, ತಣಿದ ಮೇಲೆ ನೀರಿನಿಂದ ಬೇರೆಯಾಗಿ ನಿಲ್ಲುತ್ತದೆ. ನೀಲಗಿರಿ, ಲಾವಂಚ, ನಿಂಬೆಹುಲ್ಲು ಮುಂತಾದುವುಗಳ ಎಣ್ಣೆಯನ್ನು ಇಳಿಸುವ ಕ್ರಮವೂ ಇದೇ.

ಈ ಎಣ್ಣೆಗಳೆಲ್ಲವೂ ಒಂದೇ ವೇಗದಿಂದ ಆರುವುದಿಲ್ಲ. ನಿಂಬೆಯ ಸಿಪ್ಪೆಯ ಎಣ್ಣೆಯಲ್ಲಿ ಹೇರಳವಾಗಿರುವ ಲಿಮೊನೀನಿನ ಅಣುವಿನಲ್ಲಿ 10 ಇಂಗಾಲದ ಪರಮಾಣುಗಳಿವೆ. ಶ್ರೀಗಂಧದ ಸ್ಯಾಂಟಲಾಲಿನಲ್ಲಿ 15. ಮೊದಲನೆಯದು ಸುಮಾರು 176 ಡಿಗ್ರಿ ಸೆಂಟಿಗ್ರೇಡಿನಲ್ಲಿ ಕುದಿಯುವುದು. ಎರಡನೆಯದಕ್ಕೆ 300ರ ಆಸುಪಾಸು ಬೇಕು. ನಿಂಬೆಯ ಪರಿಮಳ ಥಟ್ಟನೆ ಬಂದು ಕೆಲವು ಗಂಟೆಗಳಲ್ಲಿ ಮಾಯವಾಗುವುದಕ್ಕೂ, ಶ್ರೀಗಂಧದ್ದು ದಿನಗಟ್ಟಲೆ ಉಳಿಯುವುದಕ್ಕೂ ಕಾರಣ ಇದೇ. ಹಗುರವಾದ ಎಣ್ಣೆಯೊಡನೆ ಭಾರವಾದುದನ್ನು ಎರಡು ತೊಟ್ಟು ಬೆರೆಸಿದರೆ ಪರಿಮಳ ಹೆಚ್ಚುಕಾಲ ನಿಲ್ಲುತ್ತದೆ. ಗಂಧದೆಣ್ಣೆ ದುಬಾರಿಯೆನಿಸಿದರೆ ಲಾವಂಚದ ಎಣ್ಣೆ ಆ ಕೆಲಸ ಮಾಡೀತು.

ಇನ್ನು ವಿಧಾನಗಳು. ಅತ್ಯಂತ ಸುಲಭವಾದುದು ಅಡಿಗೆ ಸೋಡದ್ದು. ಅಗಲಬಾಯಿಯ ಗಾಜಿನ ಸೀಸೆಯಲ್ಲಿ 4 ಚಮಚ ಸೋಡ ಹಾಕಿ, 8-10 ತೊಟ್ಟು ಎಣ್ಣೆ ಬೆರೆಸಿ, ಬಾಯಿಗೆ ತೆಳುಬಟ್ಟೆ ಕಟ್ಟಿ ಬೀರುವಿನಲ್ಲಿಯೋ ಬಚ್ಚಲಿನ ಗೂಡಿನಲ್ಲಿಯೋ ಇಡಬಹುದು. ಹುಳಿತ ಹಾಲಿನಂಥ ಹುಳಿವಾಸನೆಗಳು ಆಮ್ಲಗಳಿಂದ ಬಂದವು. ಸೋಡ ಅವನ್ನು ಸ್ವಲ್ಪಮಟ್ಟಿಗೆ ಹೀರಿಕೊಳ್ಳುತ್ತದೆ.

ತುಂತುರು ಬೇಕೆನ್ನುವವರು ಎಣ್ಣೆಯನ್ನು ಬರಿಯ ನೀರಿಗೆ ಹಾಕಿದರೆ ಅದು ಮೇಲೆ ತೇಲುವುದೇ ಹೊರತು ಬೆರೆಯದು. 70 ಮಿಲಿಲೀಟರು ಮದ್ಯಸಾರದಲ್ಲಿ ಮೊದಲು 25 ತೊಟ್ಟು ಎಣ್ಣೆಯನ್ನು ಕರಗಿಸಿ, ಬಳಿಕ 30 ಮಿಲಿಲೀಟರು ಕಾಯಿಸಿ ಆರಿಸಿದ ನೀರು ಸೇರಿಸತಕ್ಕದ್ದು. ಮಿಶ್ರಣ ಬೆಳ್ಳಗಾದರೆ ಬಳಸುವ ಮುನ್ನ ಕುಲುಕಬೇಕು. ಮಿಥೈಲ್ ಬೆರೆತ, ಬಣ್ಣದ ಕೆಲಸದ ಸ್ಪಿರಿಟ್ ಸರ್ವಥಾ ಕೂಡದು. ದೀಪ, ಒಲೆ ಇರುವೆಡೆ ಇದನ್ನು ಸಿಂಪಡಿಸಬಾರದು. ಮದ್ಯಸಾರಕ್ಕೆ ಬೆಂಕಿ ಹತ್ತುವುದು ಬಲು ಬೇಗ.

ಯಾವ ಎಣ್ಣೆಯೂ ಬೇಡದ ಉಪಾಯವೊಂದು ನಮ್ಮಲ್ಲಿ ಹಿಂದಿನಿಂದಲೂ ಇದೆ. ಬೇಸಿಗೆಯಲ್ಲಿ ಲಾವಂಚದ ಬೇರಿನ ತಟ್ಟಿಯನ್ನು ಕಿಟಕಿಗೆ ಕಟ್ಟಿ ನೀರು ಚಿಮುಕಿಸುವುದು. ನೀರು ಆರುವಾಗ ಗಾಳಿಯ ಶಾಖವನ್ನು ಹೀರುತ್ತದೆ. ಒದ್ದೆಯಾದ ಬೇರು ಪರಿಮಳವನ್ನು ಬಿಡುತ್ತದೆ. ಗ್ರಂಧಿಗೆ ಅಂಗಡಿಯ ಒಂದು ಹಿಡಿ ಬೇರನ್ನು ಬಟ್ಟೆಯಲ್ಲಿ ಕಟ್ಟಿ ತೂಗುಹಾಕಿದರೂ ಫಲವುಂಟು.

ಸಸ್ಯದಿಂದ ಬಂದುದೆಲ್ಲ ನಿರಪಾಯವೆಂಬ ನಂಬಿಕೆ ಮಾತ್ರ ಸಲ್ಲದು. ನಿಂಬೆಯ ಆವಿ ಗಾಳಿಯಲ್ಲಿರುವ ಓಜೋನಿನೊಡನೆ ಸೇರಿ, ಫಾರ್ಮಾಲ್ಡಿಹೈಡ್ ಎಂಬ ಕೆರಳಿಸುವ ಅನಿಲವನ್ನೂ ಅತಿಸೂಕ್ಷ್ಮ ಕಣಗಳನ್ನೂ ಉಂಟುಮಾಡಬಲ್ಲುದು. ಉಬ್ಬಸದವರಿರುವ ಮುಚ್ಚಿದ ಕೋಣೆಯಲ್ಲಿ ಸಿಂಪಡಿಸದಿರುವುದೇ ಲೇಸು. ನೀಲಗಿರಿ ಎಣ್ಣೆ ಒಂದು ಚಮಚದಷ್ಟು ಎಳೆಯ ಮಗುವಿನ ಹೊಟ್ಟೆ ಸೇರಿದರೆ ಸೆಳವು ಬಂದು ಪ್ರಜ್ಞೆ ತಪ್ಪಬಹುದು. ಹಾಗಾದಲ್ಲಿ ವಾಂತಿ ಮಾಡಿಸಲು ಹೋಗದೆ ಸೀಸೆಯೊಡನೆ ಆಸ್ಪತ್ರೆಗೆ ಧಾವಿಸಬೇಕು. ಸೀಸೆಗಳು ಮಕ್ಕಳ ಕೈಗೆ ಎಟುಕದ ಬೀಗದ ಬೀರುವಿನಲ್ಲಿರಲಿ.

ಹಸುಗೂಸಿಗೆ ನೀರೆರೆದ ಬಳಿಕ ಸಾಂಬ್ರಾಣಿಯ ಹೊಗೆ ಹಿಡಿಯುವ ಪದ್ಧತಿ ನಮ್ಮ ಮನೆಗಳಲ್ಲಿ ಅಕ್ಕರೆಯಿಂದ ನಡೆದುಬಂದಿದೆ. ಆದರೆ ಕೆಂಡದ ಮೇಲೆ ಉರಿಯುವ ಯಾವ ಪರಿಮಳದಲ್ಲಿಯೂ ಹೊಗೆಯ ಕಣಗಳಿದ್ದೇ ಇರುತ್ತವೆ. ಕೂಸಿನ ಶ್ವಾಸನಾಳ ಬಹಳ ಕಿರಿದು, ಅದರ ಉಸಿರಾಟ ನಮ್ಮದಕ್ಕಿಂತ ವೇಗ. ಕೂದಲಾರಿಸಲು ಒಣಬಟ್ಟೆ ಸಾಕು. ಸಾಂಬ್ರಾಣಿ ದೇವರ ಕೋಣೆಯಲ್ಲಿ ಕಿಟಕಿ ತೆರೆದಿದ್ದಾಗ ಬೆಳಗಲಿ. ಅಜ್ಜಿಯರೊಡನೆ ಈ ಮಾತನ್ನು ವಿನಯದಿಂದ ಆಡಿದರೆ ಅವರೂ ಒಪ್ಪಿಯಾರು. ಮಗುವಿನ ಕ್ಷೇಮವೇ ಅಲ್ಲವೆ ಅವರ ಉದ್ದೇಶವೂ? ತೊಟ್ಟಿಲಿರುವ ಕೋಣೆಗೆ ಬೇಕಾದುದು ಒಳ್ಳೆಯ ಗಾಳಿ. ಪರಿಮಳವು ಉಳಿದ ಕೋಣೆಗಳಿಗೆ, ಹಿತಮಿತವಾಗಿ.