‘ಸ್ವಲ್ಪ’ ಎಂಬ ಪದ ಕಲಿತ ಯಂತ್ರ

ಬಿರಿಯಾನಿಗೆ ದಮ್ ಕೊಡುವಾಗ ಉರಿ ಎಷ್ಟಿರಬೇಕು ಎಂದು ಮಗಳು ಕೇಳಿದರೆ ನೀವೇನು ಹೇಳುತ್ತೀರಿ? “ಸ್ವಲ್ಪ ಸಣ್ಣಗಿಡು, ಆವಿ ಜಾಸ್ತಿ ಬಂದರೆ ಇನ್ನಷ್ಟು ಇಳಿಸು” ಎನ್ನುತ್ತೀರಿ. ಎಷ್ಟು ಡಿಗ್ರಿ ಎಂದು ನೀವು ಹೇಳುವುದಿಲ್ಲ, ಅವಳೂ ಕೇಳುವುದಿಲ್ಲ. ಅನ್ನ ಮಾತ್ರ ಸರಿಯಾಗಿಯೇ ಬೇಯುತ್ತದೆ. ಇಂತಹ ಮಾತನ್ನು ಲೆಕ್ಕ ಬಾರದವರ ಮಾತೆಂದು ತಳ್ಳಿಹಾಕುವವರಿದ್ದಾರೆ. ಆದರೆ ಇದೇ ಮಾತುಗಳನ್ನು ಒಂದು ಯಂತ್ರಕ್ಕೆ ಕಲಿಸಿ ಜಗತ್ತಿನ ಇಂಜಿನಿಯರುಗಳನ್ನು ಬೆರಗುಗೊಳಿಸಿದವರೊಬ್ಬರಿದ್ದರು. ಅವರ ಹೆಸರು ಇಬ್ರಾಹೀಂ ಮಮ್ದಾನಿ.

1942ರಲ್ಲಿ ತಾಂಜಾನಿಯಾದಲ್ಲಿ ಹುಟ್ಟಿದ ಮಮ್ದಾನಿ ಇಂಜಿನಿಯರಿಂಗ್ ಕಲಿತದ್ದು ನಮ್ಮ ಪುಣೆಯಲ್ಲಿ. ಮುಂದೆ ಲಂಡನ್ನಿನ ಕ್ವೀನ್ ಮೇರಿ ಕಾಲೇಜಿನಲ್ಲಿ ಸಂಶೋಧನೆ ಮಾಡಿ ಅಲ್ಲಿಯೇ ಅಧ್ಯಾಪಕರಾದರು. 1970ರ ದಶಕದ ಆರಂಭದಲ್ಲಿ ಅವರೂ ಅವರ ವಿದ್ಯಾರ್ಥಿ ಅಸಿಲಿಯನ್ ಅವರೂ ಪ್ರಯೋಗಾಲಯದ ಒಂದು ಪುಟ್ಟ ಉಗಿ ಯಂತ್ರದ ಹಿಂದೆ ಬಿದ್ದಿದ್ದರು. ಬಾಯ್ಲರಿನ ಶಾಖ ಮತ್ತು ಉಗಿ ಬಿಡುವ ಕವಾಟ, ಇವೆರಡನ್ನು ಹೊಂದಿಸಿ ಉಗಿಯ ಒತ್ತಡವನ್ನೂ ಯಂತ್ರದ ವೇಗವನ್ನೂ ಒಂದೇ ಸಮನೆ ಇಡಬೇಕಿತ್ತು. ಒಂದನ್ನು ಸರಿಪಡಿಸಿದರೆ ಇನ್ನೊಂದು ಕೆಡುತ್ತಿತ್ತು. ಮನುಷ್ಯ ಮಾಡುವುದನ್ನು ನೋಡಿ ಯಂತ್ರ ತಾನಾಗಿಯೇ ಕಲಿಯಬೇಕು ಎಂಬುದು ಅವರ ಮೊದಲ ಯೋಜನೆ. ಅದು ಕೈಗೂಡಲಿಲ್ಲ.

ಆಗ ಮಮ್ದಾನಿಯವರ ಕಣ್ಣಿಗೆ ಬಿದ್ದದ್ದು ಲುತ್ಫಿ ಝಾದೆಯವರ ಬರಹ. ಬಾಕುವಿನಲ್ಲಿ 1921ರಲ್ಲಿ ಹುಟ್ಟಿ, ತೆಹರಾನಿನಲ್ಲಿ ಬೆಳೆದು, ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾನಿಲಯದಲ್ಲಿ ಪ್ರಾಧ್ಯಾಪಕರಾಗಿದ್ದ ಝಾದೆ 1965ರಲ್ಲಿ ಒಂದು ವಿಚಿತ್ರ ಗಣಿತವನ್ನು ಮುಂದಿಟ್ಟಿದ್ದರು. ಅದನ್ನು ‘ಫಝಿ’ ಅಂದರೆ ಮಸುಕು ಗಣಿತ ಎಂದರು. ನೀರು ಬಿಸಿಯೋ ತಣ್ಣಗೋ ಎಂದು ಕೇಳಿದರೆ ಹಳೆಯ ಗಣಿತ ಹೌದು ಅಥವಾ ಅಲ್ಲ ಎನ್ನುತ್ತದೆ. 39 ಡಿಗ್ರಿ ತಣ್ಣಗೆ, 40 ಡಿಗ್ರಿ ಬಿಸಿ! ಮಗುವಿಗೆ ಸ್ನಾನ ಮಾಡಿಸುವ ಯಾವ ತಾಯಿ ಹೀಗೆ ಯೋಚಿಸುತ್ತಾಳೆ? ಝಾದೆಯವರ ಲೆಕ್ಕದಲ್ಲಿ ಅದೇ ನೀರು ಮುಕ್ಕಾಲು ಪಾಲು ಬೆಚ್ಚಗೆ, ಕಾಲು ಪಾಲು ಬಿಸಿ ಎರಡೂ ಆಗಿರಬಹುದು.

ಮಮ್ದಾನಿ ಇದನ್ನು ಹಿಡಿದುಕೊಂಡರು. ‘ಒತ್ತಡ ಬಹಳ ಕಡಿಮೆ ಇದ್ದು ಏರದೆ ನಿಂತಿದ್ದರೆ ಶಾಖವನ್ನು ತುಂಬ ಹೆಚ್ಚಿಸು, ಸ್ವಲ್ಪವೇ ಕಡಿಮೆ ಇದ್ದು ಏರುತ್ತಿದ್ದರೆ ಹಾಗೆಯೇ ಬಿಡು’ ಎಂಬಂತಹ ಆಡುಮಾತಿನ ನಿಯಮಗಳನ್ನು ಕಂಪ್ಯೂಟರಿಗೆ ಕೊಟ್ಟರು. ಒಂದೇ ಗಳಿಗೆಯಲ್ಲಿ ಎರಡು ಮೂರು ನಿಯಮಗಳು ಅಷ್ಟಿಷ್ಟು ಅನ್ವಯವಾಗುತ್ತವೆ. ಯಾವುದು ಎಷ್ಟು ಪಾಲು ಅನ್ವಯವಾಗುತ್ತದೋ ಅದರ ಮಾತಿಗೆ ಅಷ್ಟು ತೂಕ. ಎಲ್ಲವನ್ನೂ ಸೇರಿಸಿ ಒಂದೇ ತೀರ್ಮಾನ. ಅವರು ಹೋಲಿಸಿ ನೋಡಿದ ಮಾಮೂಲಿ ಕಂಪ್ಯೂಟರ್ ನಿಯಂತ್ರಣಕ್ಕಿಂತ ಇದು ಚೆನ್ನಾಗಿ ನಡೆಯಿತು! 1975ರಲ್ಲಿ ಇದರ ವಿವರ ಪ್ರಕಟವಾಯಿತು.

ದೊಡ್ಡವರು ಇದನ್ನು ಸುಲಭಕ್ಕೆ ಒಪ್ಪಲಿಲ್ಲ. ನಿಯಂತ್ರಣ ಶಾಸ್ತ್ರದ ದಿಗ್ಗಜ ರುಡಾಲ್ಫ್ ಕಾಲ್ಮನ್ 1972ರಲ್ಲಿಯೇ ಝಾದೆಯವರ ವಿಚಾರವನ್ನು ಕಟುವಾಗಿ ಟೀಕಿಸಿದ್ದರು. ಆದರೆ ಡೆನ್ಮಾರ್ಕಿನ ಎಫ್.ಎಲ್. ಸ್ಮಿತ್ ಕಂಪೆನಿ ಈ ವಿಧಾನವನ್ನು ಸಿಮೆಂಟ್ ಗೂಡುಗಳಿಗೆ ಅಳವಡಿಸಿತು. ಗೂಡು ನೋಡಿಕೊಳ್ಳುವ ಕೆಲಸಗಾರರು ಅನುಭವದಿಂದ ಬಲ್ಲ ನಿಯಮಗಳೇ ಅಲ್ಲಿ ಕಂಪ್ಯೂಟರಿನ ನಿಯಮಗಳಾದವು. ನನಗೆ ಈ ಕಥೆಯಲ್ಲಿ ಅತ್ಯಂತ ಹಿಡಿಸಿದ್ದು ಇದೇ. ಪದವಿ ಪಡೆದವನು ಗೂಡಿನ ಬಳಿ ನಿಂತವನ ಮಾತಿಗೆ ಕಿವಿಗೊಟ್ಟ!

ಅನಂತರ ಜಪಾನೀಯರು ಕೈಹಾಕಿದರು. 1987ರಲ್ಲಿ ಆರಂಭವಾದ ಸೆಂಡಾಯ್ ನಗರದ ಸುರಂಗ ರೈಲು ಈ ನಿಯಮಗಳಿಂದಲೇ ನಯವಾಗಿ ಓಡಿ ನಿಂತಿತು. 1990ರಲ್ಲಿ ಮತ್ಸುಶಿತಾ ಕಂಪೆನಿ ಬಟ್ಟೆ ಒಗೆಯುವ ಯಂತ್ರಕ್ಕೂ ಇದನ್ನು ತಂದಿತು. ಅದರೊಳಗೆ ನೀರಿನ ಮೂಲಕ ಬೆಳಕು ಹಾಯಿಸಿ ಕೊಳೆಯನ್ನು ಅಳೆಯುತ್ತಾರೆ. ನೀರು ಬೇಗ ಕದಡಿದರೆ ಮಣ್ಣಿನ ಕೊಳೆ, ನಿಧಾನವಾಗಿ ಕದಡಿದರೆ ಎಣ್ಣೆಯ ಜಿಡ್ಡು. ಅದಕ್ಕೆ ತಕ್ಕಂತೆ ಒಗೆಯುವ ಹೊತ್ತು. ಆ ಯಂತ್ರಕ್ಕೆ ಇಟ್ಟ ಜಪಾನೀ ಹೆಸರಿನ ಅರ್ಥ ‘ಪ್ರೀತಿಯ ಮಡದಿ’! (ಒಗೆಯುವುದು ಮಡದಿಯೇ ಎಂದು ಅಲ್ಲಿಯೂ ತೀರ್ಮಾನವಾಗಿತ್ತೆಂದು ಕಾಣುತ್ತದೆ.) ಆ ವರ್ಷ ‘ಫಝಿ’ ಎಂಬುದು ಜಪಾನಿನಲ್ಲಿ ಪ್ರಶಸ್ತಿ ಪಡೆದ ಹೊಸ ಪದವಾಯಿತು.

ಇಷ್ಟಾದರೂ ಈ ವಿಧಾನಕ್ಕೆ ಮಿತಿಯಿದೆ. ನಿಯಮವನ್ನು ಯಾರಾದರೂ ಬಾಯಿಬಿಟ್ಟು ಹೇಳಬೇಕು. ನೂರು ಮಕ್ಕಳ ನಡುವೆ ನಿಮ್ಮ ಮಗುವನ್ನು ಹೇಗೆ ಗುರುತಿಸುತ್ತೀರಿ ಎಂದರೆ ನೀವು ನಿಯಮ ಹೇಳಬಲ್ಲಿರಾ? ಅಂತಹ ಕೆಲಸಗಳಿಗೆ ಮಮ್ದಾನಿ ಮೊದಲು ಬಯಸಿದ್ದ ದಾರಿಯೇ ಬೇಕು. ಲಕ್ಷಾಂತರ ಉದಾಹರಣೆಗಳನ್ನು ನೋಡಿ ಯಂತ್ರವೇ ಕಲಿಯಬೇಕು. 1993ರಲ್ಲಿ ಝಾದೆಯವರ ಶಿಷ್ಯ ಜಾಂಗ್ ಈ ಎರಡನ್ನೂ ಬೆಸೆದು, ಮಾತಿನ ನಿಯಮಗಳನ್ನು ಉದಾಹರಣೆಗಳಿಂದ ತಿದ್ದಿಕೊಳ್ಳುವ ವ್ಯವಸ್ಥೆಯನ್ನು ರೂಪಿಸಿದರು.

ಮಮ್ದಾನಿ 2010ರಲ್ಲಿಯೂ ಝಾದೆ 2017ರಲ್ಲಿಯೂ ತೀರಿಕೊಂಡರು. ಇಂದು ಮುಖ ಗುರುತಿಸುವುದರಿಂದ ಹಿಡಿದು ಸಾಲದ ಅರ್ಜಿ ಪರಿಶೀಲಿಸುವವರೆಗೆ ತಾನೇ ಕಲಿತ ಯಂತ್ರಗಳು ಬಂದಿವೆ. ಅವುಗಳ ಹೊಟ್ಟೆಯೊಳಗಿರುವುದು ಕೋಟಿಗಟ್ಟಲೆ ಅಂಕಿಗಳು. ಏಕೆ ಹೀಗೆ ತೀರ್ಮಾನಿಸಿದೆ ಎಂದು ಕೇಳಿದರೆ ಅವುಗಳನ್ನು ಕಟ್ಟಿದವರೇ ತಡವರಿಸುತ್ತಾರೆ. ಮಮ್ದಾನಿಯವರ ಉಗಿ ಯಂತ್ರದ ನಿಯಮಗಳನ್ನಾದರೋ ಯಾರು ಬೇಕಾದರೂ ಓದಿ, ಈ ಸಾಲು ಸರಿಯಿಲ್ಲ ಎಂದು ಬೆರಳಿಟ್ಟು ತೋರಿಸಬಹುದಿತ್ತು.